ಮನೆಯ ಸ್ಟೋರೇಜ್ ಸರ್ವರ್‌ಗೆ ಕಡಿಮೆ ದುಡ್ಡಲ್ಲಿ ಯಾವ ಮಷೀನು? ತುಮಕೂರಿನ ಲೆಕ್ಕಾಚಾರ

ಸ್ಟೋರೇಜ್ ಸರ್ವರ್ ಅಂದರೆ ಮನೆಯ ಫೋಟೊ, ಫೈಲುಗಳನ್ನೆಲ್ಲ ಒಂದೇ ಕಡೆ ಇಟ್ಟು ನೆಟ್‌ವರ್ಕಲ್ಲಿ ಎಲ್ಲರಿಗೂ ಕೊಡುವ, ಸದಾ ಆನ್ ಇರುವ ಮಷೀನು. ಪೂರ್ತಿ ಓದುವಷ್ಟು ಟೈಮ್ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಾಮೂಲಿ ಮನೆಗೆ, ಎರಡು ಹಾರ್ಡ್‌ಡಿಸ್ಕ್ ಹಾಕುವ ಲೆಕ್ಕದಲ್ಲಿ, ಕಂಪನಿಗಳು ಹಳೆಯದಾಯಿತು ಅಂತ ಹೊರಗೆ ಹಾಕಿದ ಆಫೀಸ್ ಡೆಸ್ಕ್‌ಟಾಪ್ ತಗೊಳ್ಳಿ. ಅಂಗೈಯಗಲದ ಮಿನಿ ಅಲ್ಲ, ದೊಡ್ಡ ಟವರೂ ಅಲ್ಲ, ಮಧ್ಯದ ಸೈಜು. ಅಂಗಡಿಯಲ್ಲಿ ಎಸ್‌ಎಫ್‌ಎಫ್ ಅಂತ ಕೇಳಿ, ಇಲ್ಲ ಸ್ಲಿಮ್ ಡೆಸ್ಕ್‌ಟಾಪ್ ಅನ್ನಿ, ಗೊತ್ತಾಗುತ್ತದೆ. ಮಿಕ್ಕ ದುಡ್ಡೆಲ್ಲ ಡಿಸ್ಕಿಗೆ ಹಾಕಿ. ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವವರು ಯಾರೂ ಇಲ್ಲ ಅಂದರೆ ಮಾತ್ರ ರೆಡಿಮೇಡ್ ನ್ಯಾಸ್ (ಡಿಸ್ಕು ಹಾಕಿದರೆ ಸಾಕು, ನೆಟ್‌ವರ್ಕಲ್ಲಿ ಫೈಲ್ ಇಡುವ ಡಬ್ಬಿ) ನೋಡಿ. ರಾಸ್ಪ್‌ಬೆರಿ ಪೈ, ಅಂದರೆ ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರ್, ಈ ಕೆಲಸಕ್ಕೆ ಬೇಡ. ಯಾಕೆ ಅನ್ನೋದು ಕೆಳಗಿದೆ.

ಯಾರೇ ಕೇಳಿದರೂ ಮೊದಲ ಪ್ರಶ್ನೆ ಪ್ರೊಸೆಸರ್ ಮೇಲೇ ಇರುತ್ತದೆ. ಐ3 ಸಾಕಾ, ಐ5 ಬೇಕಾ, ಎಷ್ಟನೇ ಜನರೇಷನ್? ಸ್ಟೋರೇಜ್ ಸರ್ವರ್‌ಗೆ ಅದು ಕೊನೆಯ ಪ್ರಶ್ನೆ. ಮನೆಯ ನೆಟ್‌ವರ್ಕು ಗಿಗಾಬಿಟ್ ಆಗಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 110 ಎಂಬಿ ಚಿಲ್ಲರೆ ಹೋಗುತ್ತದೆ. ಅಷ್ಟನ್ನು ಹತ್ತು ವರ್ಷ ಹಳೆಯ ಐ3 ಕೂಡ ಆಕಳಿಸುತ್ತಾ ಕಳಿಸುತ್ತದೆ. ಕೇಳಬೇಕಾದ್ದು ಬೇರೆ. ಡಿಸ್ಕು ಎಲ್ಲಿ ಕೂರುತ್ತದೆ? ಯಾವ ವೈರಿನಲ್ಲಿ ಸೇರುತ್ತದೆ? ಇಪ್ಪತ್ನಾಲ್ಕು ಗಂಟೆ ಆನ್ ಇದ್ದರೆ ಎಷ್ಟು ಕರೆಂಟು ಕುಡಿಯುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕರೆ ಮಷೀನು ಯಾವುದು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಮೊದಲು ಜಾಗದ ಲೆಕ್ಕ

ಎಸ್‌ಎಸ್ ಪುರಂನಲ್ಲಿ ನನ್ನ ಗೆಳೆಯನದೊಂದು ಫೋಟೊ ಸ್ಟುಡಿಯೋ ಇದೆ. ಅವನ ಟೇಬಲ್ಲಿನ ಡ್ರಾಯರ್ ಎಳೆದರೆ ಪೂರ್ತಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳು, ಒಂದೊಂದರ ಮೇಲೂ ಬಿಳಿ ಟೇಪು, ಟೇಪಿನ ಮೇಲೆ ಸ್ಕೆಚ್ ಪೆನ್ನಲ್ಲಿ 'ಗುಬ್ಬಿ ಪಾರ್ಟಿ, ರಿಸೆಪ್ಷನ್ ಮಾತ್ರ', 'ಸಿರಾ ಮದುವೆ + ನಾಮಕರಣ' ಅಂತೆಲ್ಲ ಬರೆದಿರುತ್ತದೆ. ಮೂರು ವರ್ಷ ಆದಮೇಲೆ ಹುಡುಗಿ ಕಡೆಯವರು ಬಂದು 'ಸಾರ್, ಅಜ್ಜಿ ಇರೋ ಫೋಟೊ ಒಂದು ಬೇಕಿತ್ತು' ಅಂದರೆ, ಅವನು ಒಂದೊಂದೇ ಡಿಸ್ಕು ಚುಚ್ಚಿ ತೆಗೆದು ಹುಡುಕುತ್ತಾ ಕೂರುತ್ತಾನೆ. ಒಂದೊಂದರ ಕೇಬಲ್ಲೂ ಒಂದೊಂದು ಥರ. ಅದರಲ್ಲಿ ಅರ್ಧ ಲೂಸು.

ಇಂಥವರಿಗೆ ಬೇಕಾದ್ದೇ ಬೇರೆ, ಮನೆಮಂದಿಯ ಫೋಟೊ ಇಡುವವರಿಗೆ ಬೇಕಾದ್ದೇ ಬೇರೆ. ಎರಡು ಕ್ಯಾಮೆರಾ ಇಟ್ಟು 4ಕೆ ವಿಡಿಯೋ ತೆಗೆಯುವ ಮದುವೆ ಒಂದಕ್ಕೆ 300–400 ಜಿಬಿ ಆರಾಮಾಗಿ ಆಗಿಬಿಡುತ್ತದೆ. ನಾಲ್ಕು ಜನರ ಮನೆಯ ಫೋನ್ ಫೋಟೊ, ವಿಡಿಯೋ, ಜಮೀನಿನ ಪಹಣಿ ಸ್ಕ್ಯಾನು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಸೇರಿಸಿದರೂ ಒಂದು ಟಿಬಿ ತುಂಬೋಕೆ ವರ್ಷಗಳೇ ಬೇಕು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಫ್ರೀ ಅನ್‌ಲಿಮಿಟೆಡ್ ನಿಲ್ಲಿಸಿ, ಮೇಲ್, ಡ್ರೈವ್ ಎಲ್ಲ ಸೇರಿ 15 ಜಿಬಿ ಅಂದಮೇಲೆ ತಾನೇ ನಮ್ಮಲ್ಲಿ ಈ ಮನೆ ಸರ್ವರ್ ಮಾತು ಜಾಸ್ತಿ ಆಗಿದ್ದು. ಮನೆಗಾದರೆ 4 ಟಿಬಿಯ ಎರಡು ಡಿಸ್ಕು ಸಾಕು. ಎರಡರಲ್ಲೂ ಒಂದೇ ಮಾಹಿತಿ ಇಡುತ್ತೀರಿ (ಈ ಜೋಡಣೆಗೆ ರೇಡ್ ಅಂತಾರೆ), ಹಾಗಾಗಿ ಕೈಗೆ ಸಿಗುವುದು 4 ಟಿಬಿ. ಸ್ಟುಡಿಯೋದವರು 8 ಟಿಬಿಯಿಂದ ಶುರು ಮಾಡಿ. ಎರಡು ಕಡೆಯವರಿಗೂ ಮಾತು ಒಂದೇ: 3.5 ಇಂಚಿನ ದೊಡ್ಡ ಡಿಸ್ಕು ಎರಡು ಕೂರುವ ಮಷೀನು ಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಅರ್ಧ ಆಯ್ಕೆಗಳು ಇದರಲ್ಲೇ ಬಿದ್ದುಹೋಗುತ್ತವೆ.

ಮನೆಯಲ್ಲೇ ಬಿದ್ದಿರುವ ಹಳೇ ಪಿಸಿ

ಖರ್ಚಿಲ್ಲ, ಜಾಗ ಬೇಕಾದಷ್ಟಿದೆ, ಎಸ್‌ಎಂಪಿಎಸ್ (ಪಿಸಿಯೊಳಗಿನ ಪವರ್ ಸಪ್ಲೈ ಡಬ್ಬಿ) ಹೋದರೆ ಅಶೋಕ ರೋಡಿನ ಆಸುಪಾಸಿನ ಯಾವ ಅಂಗಡಿಯಲ್ಲಾದರೂ ಹೊಸದು ಸಿಗುತ್ತದೆ. ಹಾಗಾದರೆ ಇದನ್ನೇ ಯಾಕೆ ಬಳಸಬಾರದು? ಕರೆಂಟಿಗೋಸ್ಕರ.

ಲೆಕ್ಕ ಸುಲಭ. ಒಂದು ವ್ಯಾಟಿನ ಸಾಮಾನು ವರ್ಷಪೂರ್ತಿ ಆನ್ ಇದ್ದರೆ 8.76 ಯೂನಿಟ್. ಕೋರ್ 2 ಡ್ಯುಯೊ ಕಾಲದ ಡೆಸ್ಕ್‌ಟಾಪು ಡಿಸ್ಕ್ ಸೇರಿ ಸುಮ್ಮನೆ ಕೂತಿದ್ದರೂ 60–70 ವ್ಯಾಟ್ ಎಳೆಯುತ್ತದೆ. 65 ಅಂತಲೇ ಇಟ್ಟುಕೊಳ್ಳಿ, ತಿಂಗಳಿಗೆ ಸುಮಾರು 47 ಯೂನಿಟ್. ಎಸ್‌ಎಫ್‌ಎಫ್ ಡೆಸ್ಕ್‌ಟಾಪಿಗೆ ಎರಡು ಡಿಸ್ಕು ಹಾಕಿದರೆ ಸುಮಾರು 25 ವ್ಯಾಟು, ತಿಂಗಳಿಗೆ 18 ಯೂನಿಟ್. ವರ್ಷಕ್ಕೆ 350 ಯೂನಿಟ್ ವ್ಯತ್ಯಾಸ. ಯೂನಿಟ್ಟಿಗೆ ಆರು ರೂಪಾಯಿ ಅಂದುಕೊಂಡರೂ ಎರಡು ಸಾವಿರ ದಾಟುತ್ತದೆ. ನಾಲ್ಕೈದು ವರ್ಷದ ಉಳಿತಾಯದಲ್ಲಿ ಇನ್ನೊಂದು ಮಷೀನೇ ಬಂತು.

ಆದರೆ ನಮ್ಮ ಕಡೆ ಲೆಕ್ಕ ಅಷ್ಟಕ್ಕೇ ಮುಗಿಯಲ್ಲ, ಗೃಹಜ್ಯೋತಿ ಇದೆಯಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಹತ್ತು ಪರ್ಸೆಂಟ್ (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ ಹತ್ತು ಯೂನಿಟ್) ಸೇರಿಸಿ ನಿಮ್ಮ ಮಿತಿ ಹಾಕಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮದೇ. ಆಗ ಸರಾಸರಿ 90 ಇದ್ದ ಮನೆಗೆ ಮಿತಿ 99. ಈಗ ತಿಂಗಳಿಗೆ 80 ಬಳಸುತ್ತಿದ್ದರೆ ಎಸ್‌ಎಫ್‌ಎಫ್ ಮಷೀನಿನ 18 ಸೇರಿ 98, ಬಿಲ್ಲು ಸೊನ್ನೆಯಲ್ಲೇ ಇರುತ್ತದೆ. ಅದೇ ಜಾಗದಲ್ಲಿ ಹಳೇ ಪಿಸಿ ಇಟ್ಟರೆ 127 ಆಗಿ 28 ಯೂನಿಟ್ಟಿಗೆ ಕಟ್ಟಬೇಕು. ಇನ್ನು 170ರ ಹತ್ತಿರ ಬಳಸುವ ದೊಡ್ಡ ಮನೆ ಇದ್ದರಂತೂ ಹಳೇ ಪಿಸಿಯ 47 ಸೇರಿ 217 ಆಗುತ್ತದೆ, ಒಂದೇ ಏಟಿಗೆ ಅಷ್ಟೂ ಯೂನಿಟ್ಟಿನ ಬಿಲ್ಲು ಮನೆಗೆ ಬರುತ್ತದೆ, ಆಮೇಲೆ ಅಪ್ಪನ ಹತ್ತಿರ ಸರ್ವರ್ ಬಗ್ಗೆ ಮಾತಾಡೋಕೆ ಹೋಗಬೇಡಿ. ಹೋದ ತಿಂಗಳ ಬಿಲ್ಲು ತೆಗೆದು ಮಿತಿ ಎಷ್ಟು, ಬಳಕೆ ಎಷ್ಟು ಅಂತ ನೋಡಿಕೊಂಡೇ ಮಷೀನು ಆರಿಸಿ.

ಹಳೇ ಪಿಸಿ ಆದರೂ ನಾಲ್ಕನೇ ಜನರೇಷನ್ ಇಂಟೆಲ್ ಅಥವಾ ಅದಕ್ಕಿಂತ ಈಚಿನದಾಗಿದ್ದು, ಗ್ರಾಫಿಕ್ಸ್ ಕಾರ್ಡ್ ಕಿತ್ತಿಟ್ಟರೆ, ಪರವಾಗಿಲ್ಲ, ಅದನ್ನೇ ಬಳಸಿ. ಕ್ಯಾಬಿನೆಟ್ ಜೊತೆ ಫ್ರೀ ಬಂದ ಲೋಕಲ್ ಎಸ್‌ಎಂಪಿಎಸ್ ಮಾತ್ರ ಬದಲಾಯಿಸಿ. ಹಾಗೇ ಹಳೇ ನಾಲ್ಕು ಪಿನ್ನಿನ ಮೊಲೆಕ್ಸ್ ವೈರನ್ನು ಸಾಟಾ (ಈಗಿನ ಡಿಸ್ಕುಗಳನ್ನು ಸೇರಿಸುವ ಪಿನ್ನು) ಮಾಡುವ ಅಗ್ಗದ ಕನೆಕ್ಟರ್ ಸಿಗುತ್ತದೆ, ತುದಿಯನ್ನು ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದಿರುತ್ತಾರಲ್ಲ, ಆ ಥರದ್ದು. ಒಳಗೆ ತಂತಿ ಒಂದಕ್ಕೊಂದು ತಾಗಿ ಸುಟ್ಟುಹೋಗುವುದುಂಟು. ಅದನ್ನು ತರಬೇಡಿ.

ಲ್ಯಾಪ್‌ಟಾಪ್ ಮತ್ತು ಪೈ

ಇವೆರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಎರಡರ ತೊಂದರೆಯೂ ಒಂದೇ. ದೊಡ್ಡ ಡಿಸ್ಕು ಒಳಗೆ ಕೂರಲ್ಲ, ಯುಎಸ್‌ಬಿಯಲ್ಲಿ ನೇತುಹಾಕಬೇಕು.

ಲ್ಯಾಪ್‌ಟಾಪಿಗೆ ಒಂದು ಒಳ್ಳೆ ಗುಣ ಇದೆ, ಬ್ಯಾಟರಿ ಅದರಲ್ಲೇ ಇರುತ್ತದೆ, ಕರೆಂಟು ಹೋದರೆ ಆಫ್ ಆಗಲ್ಲ. ಸ್ಕ್ರೀನ್ ಆಫ್ ಇದ್ದರೆ ಹತ್ತು ವ್ಯಾಟ್ ಆಸುಪಾಸು. ಆದರೆ ವರ್ಷಗಟ್ಟಲೆ ಚಾರ್ಜಿಗೆ ಹಾಕೇ ಇಟ್ಟರೆ ಬ್ಯಾಟರಿ ಊದಿಕೊಳ್ಳುತ್ತದೆ. ಟಚ್‌ಪ್ಯಾಡ್ ಮೇಲೆದ್ದು ಬಂದಿದೆ ಅಂದರೆ ಆ ಕ್ಷಣವೇ ಬಂದ್ ಮಾಡಿ.

ರಾಸ್ಪ್‌ಬೆರಿ ಪೈ ಬಗ್ಗೆ ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ತುಂಬಾ ಪ್ರೀತಿ, ಒಪ್ಪುತ್ತೇನೆ, ಮೂರು ನಾಲ್ಕು ವ್ಯಾಟಲ್ಲಿ ಓಡುತ್ತದೆ. ಆದರೆ ಬೋರ್ಡು, ಅಡಾಪ್ಟರು, ಕೇಸು, ಫ್ಯಾನು, ಮೆಮರಿ ಕಾರ್ಡು, ಡಿಸ್ಕಿಗೆ ಬೇರೆ ಪವರ್ ಇರುವ ಡಾಕು (ಹೊರಗೆ ಡಿಸ್ಕು ಕೂರಿಸುವ ಸ್ಟ್ಯಾಂಡು) ಎಲ್ಲ ಕೂಡಿಸಿ ನೋಡಿ, ಹಳೇ ಆಫೀಸ್ ಡೆಸ್ಕ್‌ಟಾಪಿನ ಬೆಲೆಗೇ ಬಂದು ನಿಲ್ಲುತ್ತದೆ. 2023ರ ಪೈ 5ಕ್ಕೆ 5 ಆಂಪಿಯರ್ ಅಡಾಪ್ಟರ್ ಕೊಡದೆ ಮಾಮೂಲಿ 3 ಆಂಪಿಯರ್ ಕೊಟ್ಟರೆ ಯುಎಸ್‌ಬಿ ಪೋರ್ಟುಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಪಾಕೆಟ್ ಸೈಜಿನ ಡಿಸ್ಕೂ ತಿರುಗೋಕೆ ಶುರುವಾಗುವಾಗ ಅದಕ್ಕಿಂತ ಜಾಸ್ತಿ ಕೇಳುತ್ತದೆ. ಆಗ ಡಿಸ್ಕು ಟಕ್ ಟಕ್ ಅಂತ ಸದ್ದು ಮಾಡಿ ಮಾಯ. ಅದರ ಮೇಲೆ ಅಗ್ಗದ ಯುಎಸ್‌ಬಿ-ಸಾಟಾ ಕನ್ವರ್ಟರ್‌ಗಳು ದೊಡ್ಡ ಕಾಪಿ ನಡೆಯುವಾಗ ಮಧ್ಯದಲ್ಲಿ ಕೈಕೊಡುವುದು ಮಾಮೂಲು. ಎರಡು ಡಿಸ್ಕನ್ನು ಹೀಗೆ ಯುಎಸ್‌ಬಿಯಲ್ಲಿ ಹಾಕಿ ರೇಡ್ ಮಾಡಿದರೆ ಒಂದು ಡಿಸ್ಕು ಅರೆಕ್ಷಣ ಕಾಣೆಯಾದರೂ ಸಾಕು, ರೇಡ್ ಒಡೆಯಿತು ಅಂತ ತೋರಿಸುತ್ತದೆ. ಪೈಗೆ ನನ್ನ ಪ್ರಕಾರ ಒಂದೇ ಒಳ್ಳೆ ಕೆಲಸ: ಬೇರೆಯವರ ಮನೆಯಲ್ಲಿ ಒಂದೇ ಡಿಸ್ಕಿನ ಜೊತೆ ಕೂತು ನಿಮ್ಮ ಬ್ಯಾಕಪ್ಪಿನ ಕಾಪಿ ಇಟ್ಟುಕೊಳ್ಳುವುದು.

ಮಿನಿ ಪಿಸಿ: ಆಸೆ ಹುಟ್ಟಿಸುತ್ತದೆ, ಜಾಗ ಇಲ್ಲ

ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಇವು ಸೆಕೆಂಡ್ ಹ್ಯಾಂಡಲ್ಲಿ ಚೆನ್ನಾಗಿ ಸಿಗುತ್ತವೆ, ಸದ್ದಿಲ್ಲ, ಕರೆಂಟೂ ಕಡಿಮೆ. ಹೊಸದರಲ್ಲಿ ಇಂಟೆಲ್ ಎನ್100 ಹಾಕಿದ ಚೈನಾ ಡಬ್ಬಿಗಳು. 2023ರಲ್ಲಿ ಬಂದ ಈ ಚಿಪ್ಪಿಗೆ ನಾಲ್ಕು ಕೋರು, ಕಂಪನಿ ಹೇಳುವ ಪವರ್ 6 ವ್ಯಾಟು. ಟಿವಿಗೆ ಸಿನಿಮಾ ಕಳಿಸೋಕೆ, ಫೋಟೊ ಆ್ಯಪ್ ಓಡಿಸೋಕೆ ಚೆನ್ನಾಗಿದೆ.

ತೊಂದರೆ ಅದೇ. ಒಳಗೆ 2.5 ಇಂಚಿನ ಡಿಸ್ಕು ಒಂದು, ಎಂ.2 ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಕಾರ್ಡಿನಂಥ ಡಿಸ್ಕು) ಒಂದು, ಅಷ್ಟೇ ಜಾಗ. ಆ 2.5 ಇಂಚಿನ ಜಾಗದಲ್ಲಿ 7 ಮಿಲಿಮೀಟರ್ ದಪ್ಪದ್ದೇ ಕೂರಬೇಕು, ಹಾರ್ಡ್‌ಡಿಸ್ಕಲ್ಲಿ ಅದು 2 ಟಿಬಿಗೆ ನಿಂತುಬಿಡುತ್ತದೆ. ನಿಮಗೆ ಒಂದೆರಡು ಟಿಬಿ ಸಾಕು, ಎಸ್‌ಎಸ್‌ಡಿಯಲ್ಲೇ ಇಡುತ್ತೇನೆ ಅಂದರೆ ಮಿನಿ ಪಿಸಿಯೇ ಬೆಸ್ಟು, ಮುಂದಿನದು ಓದಲೇಬೇಡಿ. ಅದಕ್ಕಿಂತ ಜಾಸ್ತಿ ಬೇಕು ಅಂದ ತಕ್ಷಣ ಮತ್ತೆ ಯುಎಸ್‌ಬಿ ಡಾಕು, ಮತ್ತೆ ಅದೇ ಕಥೆ.

ಎನ್100 ಚಿಪ್ಪನ್ನೇ ಮದರ್‌ಬೋರ್ಡಾಗಿ ಕೊಂಡು ಸ್ವಂತ ಕ್ಯಾಬಿನೆಟ್ಟಲ್ಲಿ ಕೂರಿಸುವವರೂ ಇದ್ದಾರೆ. ಅಲ್ಲೂ ಪೋರ್ಟು ಎಣಿಸಿ. ಏಸುಸ್ ಪ್ರೈಮ್ ಎನ್100ಐ-ಡಿ ಡಿ4 ಬೋರ್ಡಿಗೆ ಸಾಟಾ ಪೋರ್ಟು ಒಂದೇ. ಏಸ್‌ರಾಕ್ ಎನ್100ಡಿಸಿ-ಐಟಿಎಕ್ಸ್‌ಗೆ ಎರಡು, ಅದು ಲ್ಯಾಪ್‌ಟಾಪ್ ಥರ 19 ವೋಲ್ಟ್ ಅಡಾಪ್ಟರಲ್ಲೇ ಓಡುತ್ತದೆ, ಎಸ್‌ಎಂಪಿಎಸ್ಸೇ ಬೇಡ. ಐಡಿಯಾ ಚೆನ್ನಾಗಿದೆ, ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದ ಮೇಲೆ ಬೋರ್ಡು, ರ‍್ಯಾಮು, ಕ್ಯಾಬಿನೆಟ್ಟು ಬಿಡಿಬಿಡಿಯಾಗಿ ಕೊಳ್ಳುವುದರಲ್ಲಿ ಉಳಿತಾಯ ಅನ್ನೋದು ಹೋಯಿತು. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪು ಎಂಟು ಜಿಬಿ ರ‍್ಯಾಮ್ ಹೊಟ್ಟೆಯಲ್ಲೇ ಇಟ್ಟುಕೊಂಡು ಬರುತ್ತದೆ.

ನನ್ನ ಓಟು ಇದಕ್ಕೆ: ಆಫೀಸಿಂದ ಬಂದ ಸ್ಲಿಮ್ ಡೆಸ್ಕ್‌ಟಾಪ್

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕಂದರೆ ಹೆಚ್ಚೂಕಡಿಮೆ ಎಂಟನೇ ಜನರೇಷನ್ ಇಂಟೆಲ್ ಮತ್ತು ಅದರ ಮೇಲಿನದೇ ಆಗಬೇಕು. ಹಾಗಾಗಿ ಆರನೇ, ಏಳನೇ ಜನರೇಷನ್ನಿನ ಗಟ್ಟಿಮುಟ್ಟಾದ ಮಷೀನುಗಳನ್ನೂ ಆಫೀಸುಗಳು ಸಾಲಾಗಿ ಹೊರಗೆ ಹಾಕಿವೆ. ನಮ್ಮ ಅದೃಷ್ಟಕ್ಕೆ ಬೆಂಗಳೂರು 70 ಕಿಲೋಮೀಟರ್. ಬೆಳಗಿನ ಟ್ರೈನ್ ಹತ್ತಿ ಮೆಜೆಸ್ಟಿಕ್ಕಲ್ಲಿ ಇಳಿದು ಕಂಪ್ಯೂಟರ್ ಅಂಗಡಿಗಳಿರುವ ಎಸ್‌ಪಿ ರೋಡಿಗೆ ಹೋದರೆ ಒಂದೇ ಓಣಿಯಲ್ಲಿ ಬೇಕಾದಷ್ಟು ನೋಡಬಹುದು. ನಮಗೆ ವಿಂಡೋಸ್ ಬೇಡವೇ ಬೇಡ, ಅದರ ಬದಲು ಹಾಕುವ ಲಿನಕ್ಸ್ ಸರ್ವರ್ ಸಾಫ್ಟ್‌ವೇರುಗಳಾದ ಓಪನ್‌ಮೀಡಿಯಾವಾಲ್ಟ್ ಆಗಲಿ ಟ್ರೂನ್ಯಾಸ್ ಆಗಲಿ ಫ್ರೀ. ಬೇರೆಯವರಿಗೆ ಬೇಡವಾದ ಕಾರಣ ನಮಗೆ ಲೆಕ್ಕಕ್ಕೇ ಇಲ್ಲ.

ಆರು, ಏಳರಲ್ಲಿ ಆರಿಸುವುದಾದರೆ ಏಳು ತಗೊಳ್ಳಿ. ಸುಮ್ನೆ ಫೈಲ್ ಇಡೋಕೆ ವ್ಯತ್ಯಾಸ ಇಲ್ಲ, ಆದರೆ ಈಗಿನ ಫೋನುಗಳು ತೆಗೆಯುವ ಎಚ್‌ಇವಿಸಿ (ಕುಗ್ಗಿಸಿ ಇಡುವ ಒಂದು ವಿಧಾನ) ವಿಡಿಯೋದ 10 ಬಿಟ್ ರೂಪವನ್ನು ಏಳನೆಯದು ಗ್ರಾಫಿಕ್ಸ್ ಚಿಪ್ಪಲ್ಲೇ ಬಿಡಿಸುತ್ತದೆ, ಆರನೆಯದಕ್ಕೆ ಪ್ರೊಸೆಸರ್ ಒದ್ದಾಡಬೇಕು. ಎಂಟನೆಯದು ಕಡಿಮೆಗೆ ಸಿಕ್ಕರೆ ಸಂತೋಷ, ಆದರೆ ವಿಂಡೋಸ್ 11 ಓಡುತ್ತೆ ಅನ್ನೋ ಒಂದೇ ಕಾರಣಕ್ಕೆ ಜಾಸ್ತಿ ಬೆಲೆ ಹೇಳುತ್ತಾರೆ.

ಒಂದೇ ಕಂಪನಿಯ ಮಷೀನುಗಳಲ್ಲೂ ಒಳಗಿನ ಜಾಗ ಬೇರೆ ಬೇರೆ. ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ4 ಎಸ್‌ಎಫ್‌ಎಫ್‌ನಲ್ಲಿ 3.5 ಇಂಚಿನ ಡಿಸ್ಕು ಎರಡು ಕೂರುತ್ತವೆ, ಜೊತೆಗೆ ಎಂ.2 ಜಾಗವೂ ಇದೆ, ಅಂದರೆ ಸಾಫ್ಟ್‌ವೇರು ಎಂ.2 ಮೇಲೆ, ಮಾಹಿತಿಯೆಲ್ಲ ಡಿಸ್ಕುಗಳ ಮೇಲೆ. ಡೆಲ್ ಆಪ್ಟಿಪ್ಲೆಕ್ಸ್ 7050 ಎಸ್‌ಎಫ್‌ಎಫ್‌ನಲ್ಲಿ ದೊಡ್ಡ ಡಿಸ್ಕು ಒಂದೇ, ಡಿವಿಡಿ ಡ್ರೈವ್ ಕಿತ್ತರೂ ಆ ಜಾಗ ತೆಳ್ಳಗಿದೆ. ಅದಕ್ಕೇ ಮಾಡೆಲ್ ನಂಬರ್ ನಂಬಿ ಆನ್‌ಲೈನಲ್ಲಿ ತರಿಸುವ ಬದಲು ಅಂಗಡಿಯಲ್ಲಿ ಮುಚ್ಚಳ ತೆಗೆಸಿ ನೋಡಿ.

ಮುಚ್ಚಳ ತೆಗೆದಾಗ ಏನು ನೋಡಬೇಕು? ಈ ಮಷೀನುಗಳಿಗೆ ಸ್ಕ್ರೂ ಬೇಡ, ಪಕ್ಕದ ಲಿವರ್ ಎಳೆದರೆ ಮುಚ್ಚಳ ಬರುತ್ತದೆ. ಮೊದಲು ಡಿಸ್ಕ್ ಕೂರುವ ನೀಲಿ ಅಥವಾ ಹಸಿರು ಪ್ಲಾಸ್ಟಿಕ್ ತೊಟ್ಟಿಲು ಇದೆಯಾ ನೋಡಿ, ಅಂಗಡಿಯವರು ಅದನ್ನು ಎಲ್ಲೋ ಕಳೆದಿರುತ್ತಾರೆ, ಆಮೇಲೆ ಬಿಡಿಯಾಗಿ ಹುಡುಕೋದು ತಲೆನೋವು. ಡಿಸ್ಕಿಗೆ ಹೋಗುವ ಪವರ್ ವೈರ್ ಎಷ್ಟಿವೆ ಎಣಿಸಿ, ಇವುಗಳಲ್ಲಿ ಅದು ಎಸ್‌ಎಂಪಿಎಸ್ಸಿಂದ ನೇರ ಬರದೆ ಮದರ್‌ಬೋರ್ಡಿಂದ ಬರುವುದೂ ಉಂಟು. ಫ್ಯಾನಿನ ಸುತ್ತ ಧೂಳು ಇದ್ದರೆ ಚಿಂತೆಯಿಲ್ಲ, ಸುಟ್ಟ ವಾಸನೆ ಇದ್ದರೆ ಬೇಡ. ಆಮೇಲೆ ಆನ್ ಮಾಡಿಸಿ ಬಯಾಸ್‌ಗೆ (ವಿಂಡೋಸ್ ಶುರುವಾಗುವ ಮುಂಚೆ ಸಿಗುವ ಸೆಟ್ಟಿಂಗ್ ಪರದೆಗೆ) ಹೋಗಿ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟುಬನ್ನಿ. ಹಳೇ ಆಫೀಸಿನ ಪಾಸ್‌ವರ್ಡು ಹಾಗೇ ಉಳಿದಿರುತ್ತದೆ, 'ಅಣ್ಣ, ಅದು ಬ್ಯಾಟರಿ ತೆಗೆದ್ರೆ ಹೋಗುತ್ತೆ' ಅಂತಾರೆ, ಬಿಸಿನೆಸ್ ಮಾಡೆಲ್ಲುಗಳಲ್ಲಿ ಅಷ್ಟು ಸುಲಭವಾಗಿ ಹೋಗಲ್ಲ. ಬಯಾಸಲ್ಲಿ ಇನ್ನೊಂದು ನೋಡಿ: ಕರೆಂಟು ಹೋಗಿ ಬಂದಾಗ ತಾನಾಗೇ ಆನ್ ಆಗುವ ಸೆಟ್ಟಿಂಗು. ನಮ್ಮ ಊರಲ್ಲಿ ಇದು ಇಲ್ಲದೆ ಸರ್ವರ್ ಇಟ್ಟುಕೊಳ್ಳೋಕೆ ಆಗಲ್ಲ. ಡೇಟು ಯಾವುದೋ ಹಳೇ ವರ್ಷ ತೋರಿಸುತ್ತಿದ್ದರೆ ನಾಣ್ಯದಂಥ ಸಿಆರ್2032 ಸೆಲ್ ಮುಗಿದಿದೆ ಅಂತ ಅರ್ಥ, ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ.

ಒಂದು ದೊಡ್ಡ ಕೊರತೆ ಹೇಳಲೇಬೇಕು. ಇವುಗಳ ಎಸ್‌ಎಂಪಿಎಸ್ ಕಂಪನಿಯದೇ ಅಳತೆ, ಕಂಪನಿಯದೇ ಪಿನ್ನು. ಹೋದರೆ ತುಮಕೂರಲ್ಲಿ ಅವತ್ತೇ ಸಿಗಲ್ಲ, ಮತ್ತೆ ಎಸ್‌ಪಿ ರೋಡೇ ಗತಿ. ಎರಡು ದಿನ ಸರ್ವರ್ ಇಲ್ಲದಿದ್ದರೆ ವ್ಯಾಪಾರ ನಿಲ್ಲುತ್ತದೆ ಅನ್ನುವ ಸ್ಟುಡಿಯೋದವರು ಅದೇ ಜನರೇಷನ್ನಿನ ಅಸೆಂಬಲ್ಡ್ ಪಿಸಿ ನೋಡುವುದು ವಾಸಿ, ಅದರ ಎಲ್ಲ ಪಾರ್ಟೂ ಊರಲ್ಲೇ ಸಿಗುತ್ತದೆ. ಮನೆಯವರು ಎರಡು ದಿನ ಕಾಯಬಹುದು.

ರೆಡಿಮೇಡ್ ನ್ಯಾಸ್ ಯಾರಿಗೆ

ಸಿನಾಲಜಿ, ಕ್ಯುನ್ಯಾಪ್ ಥರದ ಡಬ್ಬಿಗಳು. ಡಿಸ್ಕು ತೂರಿಸಿ, ಆ್ಯಪ್ ಹಾಕಿಕೊಳ್ಳಿ, ಮುಗಿಯಿತು. ಅಮ್ಮನ ಫೋನಿಂದ ಫೋಟೊ ತಾನಾಗೇ ಬರುತ್ತದೆ. ನೀವು ಬೆಂಗಳೂರಲ್ಲೋ ಹೊರದೇಶದಲ್ಲೋ ಕೆಲಸದಲ್ಲಿದ್ದು ತುಮಕೂರಿನ ಮನೆಯಲ್ಲಿ ಅಪ್ಪ ಅಮ್ಮ ಮಾತ್ರ ಇದ್ದರೆ ನಾನು ಇದನ್ನೇ ಹೇಳುವುದು. ಏನಾದರೂ ಆದರೆ ಫೋನಲ್ಲಿ 'ಅಪ್ಪ, ಅದರ ಬಟನ್ ಒತ್ತಿ ಹಿಡ್ಕೊಳ್ಳಿ' ಅಂದರೆ ಸಾಕು.

ಆದರೆ ಕೊಡುವ ದುಡ್ಡಿಗೆ ಬರುವ ಹಾರ್ಡ್‌ವೇರು ಕಡಿಮೆ. ಸಿನಾಲಜಿ ಡಿಎಸ್223ಜೆಯಲ್ಲಿ ರ‍್ಯಾಮು ಒಂದೇ ಜಿಬಿ, ಹೆಚ್ಚಿಸೋಕೂ ಆಗಲ್ಲ. ಡಿಸ್ಕಿನ ಬೆಲೆ ಬೇರೆ. ಇನ್ನೊಂದು, ಡಬ್ಬಿ ಯಾರದೋ ನಿಯಮವೂ ಅವರದೇ. 2025ರ ಏಪ್ರಿಲ್‌ನಲ್ಲಿ ಸಿನಾಲಜಿ ತನ್ನ ಹೊಸ ಪ್ಲಸ್ ಮಾಡೆಲ್ಲುಗಳಿಗೆ ತಾನೇ ಒಪ್ಪಿದ ಡಿಸ್ಕೇ ಹಾಕಬೇಕು ಅಂದಿತ್ತು, ಜನ ಬೈದರು, ಅಕ್ಟೋಬರ್‌ನಲ್ಲಿ ಅದರ ಸಾಫ್ಟ್‌ವೇರಾದ ಡಿಎಸ್‌ಎಂ 7.3 ಬಂದಾಗ ಹಿಂದೆ ಸರಿಯಿತು. ಹಿಂದೆ ಸರಿದಿದ್ದು ಒಳ್ಳೆಯದೇ, ಆದರೆ ಸ್ವಂತ ಡೆಸ್ಕ್‌ಟಾಪ್ ಇದ್ದವರಿಗೆ ಆ ತಲೆಬಿಸಿ ಇರಲೇ ಇಲ್ಲ.

ಡಿಸ್ಕಲ್ಲಿ ಜಿಪುಣತನ ಮಾಡಬೇಡಿ, ಆದರೆ ಬುದ್ಧಿ ಉಪಯೋಗಿಸಿ

ಹಾರ್ಡ್‌ಡಿಸ್ಕಲ್ಲಿ ಎರಡು ಜಾತಿ, ಸಿಎಂಆರ್ ಮತ್ತು ಎಸ್‌ಎಂಆರ್. ಎಸ್‌ಎಂಆರ್‌ನಲ್ಲಿ ಬರೆಯುವ ಗೆರೆಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಸ್ವಲ್ಪ ಏರಿರುತ್ತವೆ. ಮಧ್ಯದ ಒಂದು ಹೆಂಚು ಬದಲಾಯಿಸಬೇಕಂದರೆ ಅದರ ಮೇಲಿನ ಸಾಲನ್ನೆಲ್ಲ ಎತ್ತಬೇಕಲ್ಲ, ಹಾಗೇ ಇಲ್ಲಿ ಹಳೆಯದನ್ನು ತಿದ್ದಬೇಕಂದರೆ ಪಕ್ಕದ್ದೆಲ್ಲ ಮತ್ತೆ ಬರೆಯಬೇಕು. ಸುಮ್ಮನೆ ತುಂಬಿ ಇಡೋಕೆ ಪರವಾಗಿಲ್ಲ. ರೇಡಲ್ಲಿ ಒಂದು ಡಿಸ್ಕು ಸತ್ತು ಹೊಸದನ್ನು ತುಂಬಿಸುವಾಗ ಮಾತ್ರ ಇದು ದಿನಗಟ್ಟಲೆ ಎಳೆಯುತ್ತದೆ, ಕೆಲವು ಸಲ ಮಧ್ಯದಲ್ಲೇ ಫೇಲ್. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ ನ್ಯಾಸ್‌ಗೆಂದೇ ಮಾರುವ ರೆಡ್ ಡಿಸ್ಕುಗಳಲ್ಲಿ, 2ರಿಂದ 6 ಟಿಬಿಯವುಗಳಲ್ಲಿ, ಹೇಳದೆ ಎಸ್‌ಎಂಆರ್ ಹಾಕಿದ್ದು ಬಯಲಾಗಿ ದೊಡ್ಡ ಗಲಾಟೆ ಆಯಿತು. ಆಮೇಲೆ ಸಿಎಂಆರ್‌ನವುಗಳಿಗೆ ರೆಡ್ ಪ್ಲಸ್ ಅಂತ ಬೇರೆ ಹೆಸರಿಟ್ಟರು. ಹಾಗಾಗಿ ಬರೀ ರೆಡ್ ಬೇಡ, ರೆಡ್ ಪ್ಲಸ್ ಇಲ್ಲ ಸೀಗೇಟ್ ಐರನ್‌ವುಲ್ಫ್ ಕೇಳಿ. ಅಂಗಡಿಯವರು ಕಣ್ಣುಮುಚ್ಚಿ ಕೊಡುವ ಸೀಗೇಟ್ ಬ್ಯಾರಾಕುಡಾದ 2, 4, 8 ಟಿಬಿಯವು ಎಸ್‌ಎಂಆರ್.

ಇಲ್ಲೊಂದು ನಮ್ಮೂರಿಗೆ ಹೊಂದುವ ದಾರಿ ಇದೆ. ತುಮಕೂರಲ್ಲಿ ನ್ಯಾಸ್ ಡಿಸ್ಕ್ ಕೇಳಿದರೆ 'ತರಿಸಿಕೊಡ್ತೀವಿ ಸಾರ್' ಅಂತಾರೆ. ಸಿಸಿ ಕ್ಯಾಮೆರಾ ಹಾಕುವವರ ಹತ್ತಿರ ಮಾತ್ರ ನೇರಳೆ ಬಣ್ಣದ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ಯಾವಾಗಲೂ ಸ್ಟಾಕ್ ಇರುತ್ತವೆ. ಇಪ್ಪತ್ನಾಲ್ಕು ಗಂಟೆ ಓಡೋಕೇ ಮಾಡಿದವು. 'ಕ್ಯಾಮೆರಾ ಡಿಸ್ಕು ತಪ್ಪು ಬಂದರೂ ತಿದ್ದಿಕೊಳ್ಳಲ್ಲ' ಅಂತ ಒಂದು ಹೆದರಿಕೆ ಇದೆ, ಆ ನಡವಳಿಕೆ ರೆಕಾರ್ಡರ್ ತನ್ನದೇ ವಿಶೇಷ ಕಮ್ಯಾಂಡ್ ಕಳಿಸಿದಾಗ ಮಾತ್ರ ಬರುತ್ತದೆ, ಲಿನಕ್ಸ್ ಸರ್ವರ್ ಆ ಕಮ್ಯಾಂಡ್ ಕಳಿಸಲ್ಲ. ಮಾಡೆಲ್ ನಂಬರ್ ಹಾಕಿ ಸಿಎಂಆರ್ ಹೌದಾ ಅಂತ ನೋಡಿಕೊಂಡು ಧೈರ್ಯವಾಗಿ ತಗೊಳ್ಳಿ, ಬಿಲ್ಲು ಇಸ್ಕೊಳ್ಳಿ. ಡಿಸ್ಕು ಹೋದ ದಿನ ಹತ್ತಿರದಲ್ಲೇ ಇನ್ನೊಂದು ಸಿಗೋದು ದೊಡ್ಡ ಅನುಕೂಲ.

ಸೆಕೆಂಡ್ ಹ್ಯಾಂಡ್ ಮಷೀನು ಸರಿ, ಸೆಕೆಂಡ್ ಹ್ಯಾಂಡ್ ಡಿಸ್ಕು ನನಗೆ ಇಷ್ಟವಿಲ್ಲ. ತಗೊಳ್ಳಲೇಬೇಕು ಅಂದರೆ ಲಿನಕ್ಸ್ ಪೆನ್‌ಡ್ರೈವ್ ಒಯ್ದು ಸ್ಮಾರ್ಟ್‌ಸಿಟಿಎಲ್ (ಡಿಸ್ಕಿನ ಆರೋಗ್ಯ ತೋರಿಸುವ ಕಮ್ಯಾಂಡು) ಓಡಿಸಿ. 5, 197, 198 ನಂಬರಿನ ಮೂರು ಸಾಲಲ್ಲಿ ಕೊನೆಯ ಕಾಲಮ್ಮು ಬರೀ ಸೊನ್ನೆ ಇರಬೇಕು. ಒಂದಾದರೂ ಬೇರೆ ಇದ್ದರೆ ವಾಪಸ್. 9ನೇ ಸಾಲಲ್ಲಿ ಓಡಿದ ಗಂಟೆ ಇರುತ್ತದೆ, ವರ್ಷಕ್ಕೆ 8,760 ಗಂಟೆ, ಭಾಗಿಸಿ ನೋಡಿ. ಆದರೆ ಆ ಅಂಕಿಯನ್ನೂ ಅಳಿಸುವವರಿದ್ದಾರೆ. 2025ರ ಶುರುವಿನಲ್ಲಿ ಜರ್ಮನಿಯಲ್ಲಿ, ವರ್ಷಗಟ್ಟಲೆ ಓಡಿದ ಸೀಗೇಟ್ ಎಕ್ಸೋಸ್ ಡಿಸ್ಕುಗಳ ಗಂಟೆ ಅಳಿಸಿ ಹೊಸದು ಅಂತ ಮಾರಿದ್ದು ಸಿಕ್ಕಿಬಿತ್ತು. ಸೀಗೇಟ್ ಡಿಸ್ಕಲ್ಲಿ ಫಾರ್ಮ್ ಅನ್ನುವ ಇನ್ನೊಂದು ದಾಖಲೆ ಇರುತ್ತದೆ, ಅದರಲ್ಲಿ ನಿಜವಾದ ಗಂಟೆ ಉಳಿದಿತ್ತು. ಸ್ಮಾರ್ಟ್‌ಸಿಟಿಎಲ್ ಅದನ್ನೂ ತೋರಿಸುತ್ತದೆ, ಎರಡೂ ತಾಳೆ ಆಗಬೇಕು.

ಕರೆಂಟು, ಬಿಸಿಲು, ರೂಟರ್

ಹೆಚ್ಚಿನ ಮನೆಯಲ್ಲಿ ಇನ್ವರ್ಟರ್ ಇರುತ್ತದೆ, ಅದರಲ್ಲೇ ಹಾಕಬಹುದಾ ಅಂತ ಕೇಳುತ್ತಾರೆ. ಹಾಕಬಹುದು, ಇನ್ವರ್ಟರ್ ಹಿಂದೆ ಬಗ್ಗಿ ನೋಡಿ, ಅನೇಕ ಮಾಡೆಲ್ಲುಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ, ಒಂದು ಕಡೆ ಇಕೋ, ಇನ್ನೊಂದು ಕಡೆ ಯುಪಿಎಸ್. ಇಕೋದಲ್ಲಿ ಫ್ಯಾನು ಲೈಟಿಗೆ ತೊಂದರೆ ಇಲ್ಲ, ಕಂಪ್ಯೂಟರ್ ಮಾತ್ರ ಬದಲಾಗುವ ಗ್ಯಾಪಲ್ಲಿ ರೀಸ್ಟಾರ್ಟ್ ಆಗಬಹುದು. ಯುಪಿಎಸ್ ಕಡೆ ತಳ್ಳಿ. ಆಗ ವೋಲ್ಟೇಜ್ ಸ್ವಲ್ಪ ಇಳಿದರೂ ಬ್ಯಾಟರಿಗೆ ಹೋಗಿಬಿಡುತ್ತದೆ, ಬೋರ್‌ವೆಲ್ ಮೋಟರ್‌ಗಳು ಜಾಸ್ತಿ ಇರುವ ಕಡೆ ಬ್ಯಾಟರಿ ಬೇಗ ದಣಿಯುತ್ತದೆ. ಅಂಥಲ್ಲಿ ಸರ್ವರ್‌ಗೆ ಮಾತ್ರ 600 ವಿಎ ಯುಪಿಎಸ್ ಬೇರೆ ಇಡಿ. ಅದರೊಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ 25–30 ವ್ಯಾಟಿನ ಮಷೀನನ್ನು ಅರ್ಧ ಗಂಟೆ ತಡೆಯುತ್ತದೆ. ಕೊಳ್ಳುವಾಗ ಯುಎಸ್‌ಬಿ ಪೋರ್ಟ್ ಇರುವುದನ್ನೇ ಕೇಳಿ, ಅಗ್ಗದವಕ್ಕೆ ಅದು ಇರಲ್ಲ. ಪೋರ್ಟ್ ಇದ್ದರೆ ಬ್ಯಾಟರಿ ಮುಗಿಯುವ ಮುಂಚೆ ಸರ್ವರ್ ತಾನೇ ಶಟ್‌ಡೌನ್ ಆಗುವ ಹಾಗೆ ಮಾಡಬಹುದು.

ಮಷೀನನ್ನು ಸಜ್ಜೆ ಮೇಲೆ ಇಡಬೇಡಿ, ಏಪ್ರಿಲ್‌ನಲ್ಲಿ ಅಲ್ಲಿನ ಬಿಸಿ ನಿಮಗೇ ಗೊತ್ತು. ಶೀಟ್ ಮನೆಯಾದರೆ ನೆಲದ ಹತ್ತಿರ, ಗೋಡೆಯಿಂದ ಒಂದು ಗೇಣು ದೂರ. ಹಿಂದಿನ ಖಾಲಿ ಸ್ಲಾಟುಗಳ ತಗಡು ಕಿತ್ತುಹೋಗಿದ್ದರೆ ಮುಚ್ಚಿ. ಹಲ್ಲಿ ಒಳಗೆ ಹೋಗಿ ಎಸ್‌ಎಂಪಿಎಸ್ ಸುಡುವುದು ನಮ್ಮ ಕಡೆ ಜೋಕಲ್ಲ.

ರೂಟರ್ ವಿಷಯ ಯಾರೂ ನೋಡಲ್ಲ. ನೆಟ್ ಕನೆಕ್ಷನ್ ಜೊತೆ ಫ್ರೀ ಕೊಟ್ಟ ಎಷ್ಟೋ ರೂಟರ್‌ಗಳ ಪೋರ್ಟು ಇನ್ನೂ 100 ಎಂಬಿಪಿಎಸ್. ಅದರಲ್ಲಿ ಸೆಕೆಂಡಿಗೆ 11 ಎಂಬಿ ಹೋಗುತ್ತದೆ, ಒಂದು ಟಿಬಿ ಕಾಪಿಗೆ ಇಡೀ ದಿನ ದಾಟುತ್ತದೆ. ಗಿಗಾಬಿಟ್ಟಲ್ಲಿ ಎರಡೂವರೆ ಗಂಟೆ. ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಒಂದು ತಂದು, ಸರ್ವರ್ ಮತ್ತು ಕಂಪ್ಯೂಟರ್ ಎರಡನ್ನೂ ಅದಕ್ಕೇ ಚುಚ್ಚಿ, ರೂಟರ್ ಬದಲಾಯಿಸೋದೇ ಬೇಡ.

ಎರಡು ಡಿಸ್ಕು ಇದ್ದರೂ ಬ್ಯಾಕಪ್ ಬೇರೆ

ಎರಡು ಡಿಸ್ಕಿನ ರೇಡ್ ಇದ್ದರೆ ಒಂದು ಡಿಸ್ಕು ಸತ್ತಾಗ ಕೆಲಸ ನಿಲ್ಲಲ್ಲ, ಅಷ್ಟೇ. ಮಗು ಫೋಲ್ಡರ್ ಡಿಲೀಟ್ ಮಾಡಿದರೆ ಎರಡರಲ್ಲೂ ಡಿಲೀಟ್. ಸಿಡಿಲು ಬಡಿದರೆ ಎರಡೂ ಒಟ್ಟಿಗೆ. ಬಜೆಟ್ ಬಿಗಿ ಇದ್ದರೆ ನಾನು ರೇಡನ್ನೇ ಬಿಡಿ ಅಂತೀನಿ. ಒಂದು ಡಿಸ್ಕು ಸರ್ವರಲ್ಲಿರಲಿ, ಇನ್ನೊಂದನ್ನು ಮೇಲೆ ಹೇಳಿದ ಹಾಗೆ ಒಂದು ಪೈಗೆ ಸೇರಿಸಿ, ತಿಪಟೂರಲ್ಲೋ ಕುಣಿಗಲ್ಲಲ್ಲೋ ಇರುವ ಅಣ್ಣನ ಮನೆಯಲ್ಲಿ ಇಡಿ. ಬಹಳಷ್ಟು ಮನೆಯ ಕನೆಕ್ಷನ್ನಿಗೆ ಸ್ವಂತ ಐಪಿ ವಿಳಾಸ ಇರಲ್ಲ, ಹೊರಗಿಂದ ನೇರ ಸೇರೋಕೆ ಆಗಲ್ಲ, ಅದಕ್ಕೆ ಎರಡು ಮನೆಯ ಮಷೀನುಗಳನ್ನು ನೆಟ್ ಮೂಲಕ ಜೋಡಿಸುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಮನೆಬಳಕೆಗೆ ಫ್ರೀ. ಮೊದಲ ಕಾಪಿ ಪೂರ್ತಿ ನಿಮ್ಮ ಮನೆಯಲ್ಲೇ ವೈರಿನಲ್ಲಿ ಮುಗಿಸಿ, ಆಮೇಲೆ ಡಿಸ್ಕನ್ನು ಅಲ್ಲಿಗೆ ಒಯ್ಯಿರಿ. ಅಲ್ಲಿಂದಾಚೆ ರಾತ್ರಿ ಹೊತ್ತು ಹೊಸ ಫೈಲ್ ಮಾತ್ರ ಹೋಗುತ್ತದೆ, ನೆಟ್ ನಿಧಾನ ಇದ್ದರೂ ನಡೆಯುತ್ತದೆ.